ರಾಗಿ ಲಕ್ಷ್ಮಣಯ್ಯನವರು

ನಮ್ಮ ಡೊಂಬಿವಲಿ, ಕಲ್ಯಾಣ, ಠಾಣೆಗಳ ಕನ್ನಡ ಮನೆಗಳಲ್ಲಿ ರಾಗಿಯ ಮಾತು ಬಂದಿತೆಂದರೆ ಪಂಗಡಗಳಾಗುವುದು ವಾಡಿಕೆ. ಮಂಡ್ಯ, ಹಾಸನ, ತುಮಕೂರು, ಕೋಲಾರಗಳ ಕಡೆಯಿಂದ ಬಂದವರಿಗೆ ಮುದ್ದೆಯಿಲ್ಲದ ಊಟ ಊಟವೇ ಅಲ್ಲ. ಧಾರವಾಡ, ವಿಜಯಪುರದ ಕಡೆಯವರು ಜೋಳದ ರೊಟ್ಟಿಯ ಪಕ್ಷ. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬುದೇ ಅವರಿಗೆ ಸೋಜಿಗ. ಕರಾವಳಿಯ ತಾಯಂದಿರು ಮಾತ್ರ ಈ ಜಗಳಕ್ಕೆ ಬಾರದೆ, ಹಾಲೂಡುವ ಕೂಸಿಗೆ ಸದ್ದಿಲ್ಲದೆ ರಾಗಿಮಣ್ಣಿ ಕಾಸಿಕೊಡುತ್ತಾರೆ. ಆದರೆ ಸ್ಟೇಷನ್ನಿನ ಬಳಿಯ ಕಿರಾಣಿ ಅಂಗಡಿಗೆ ಹೋದಾಗ ಈ ಮೂವರೂ ಒಂದೇ ಮಾತನ್ನಾಡಬೇಕು. ರಾಗಿ ಎಂದರೆ ತಿಳಿಯದ ಅಂಗಡಿಯವನಿಗೆ ನಾಚಣಿ ಎಂದರೆ ಕೂಡಲೇ ತಿಳಿಯುತ್ತದೆ.

ಈ ಸಣ್ಣ ಕೆಂಪು ಕಾಳಿಗಾಗಿ ತನ್ನ ಆಯುಷ್ಯವನ್ನೇ ಸವೆಸಿದ ಒಬ್ಬ ಕನ್ನಡಿಗರ ವಿಷಯವನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ನಮ್ಮ ವಾಚಕರ ಮುಂದಿಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಕವಿಗಳನ್ನೂ ಸಂಗೀತಗಾರರನ್ನೂ ನಾವು ವರ್ಷಂಪ್ರತಿ ನೆನೆಯುತ್ತೇವೆ, ಅದು ಯೋಗ್ಯವೇ. ತಟ್ಟೆಗೆ ಅನ್ನ ತಂದವರನ್ನು ನೆನೆಯುವುದು ಅಪರೂಪ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಂತೂ ಚಿ. ಹ. ಲಕ್ಷ್ಮಣಯ್ಯ ಎಂಬ ಹೆಸರು ಕಿವಿಗೆ ಬಿದ್ದಿರಲಾರದು. ಹಳೆಯ ಮೈಸೂರಿನ ರೈತರಾದರೋ ಅವರನ್ನು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು, ರಾಗಿಬ್ರಹ್ಮನೆಂದೂ ಹೊಗಳಿದರು. ಮನುಷ್ಯನ ಹೆಸರಿನ ಹಿಂದೆ ಪದವಿಯೋ ಊರೋ ಸೇರುವುದುಂಟು, ಧಾನ್ಯವೊಂದು ಬಂದು ಸೇರಿಕೊಂಡದ್ದು ಇವರೊಬ್ಬರಿಗೇ ಇರಬಹುದು.

ಲಕ್ಷ್ಮಣಯ್ಯನವರು ಮೈಸೂರು ಸೀಮೆಯಲ್ಲಿ 1921ರಲ್ಲಿ ಹುಟ್ಟಿದರು. ಅವರು ಕೆಲಸಕ್ಕೆ ಬರುವ ಹೊತ್ತಿಗೆ ರಾಗಿಯ ಸುಧಾರಣೆಗೆ ಮೈಸೂರಿನಲ್ಲಿ ಆಗಲೇ ಒಂದು ಪರಂಪರೆ ಏರ್ಪಟ್ಟಿತ್ತು. ಕೆನಡಾ ದೇಶದಿಂದ ಬಂದು ಸಂಸ್ಥಾನದ ವ್ಯವಸಾಯ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಸಾಹೇಬರ ಕಾಲದಲ್ಲಿ, 1918ರಷ್ಟು ಹಿಂದೆಯೇ, ಹೆಬ್ಬಾಳದ ಫಾರಮಿನಿಂದ ಎಚ್. 22 ಎಂಬ ಆಯ್ದ ರಾಗಿ ಹೊರಬಿದ್ದಿತ್ತು. ಆಗಿನ ವಿಧಾನ ಸರಳ. ಊರೂರಿನ ರಾಗಿಯನ್ನು ತಂದು ಬಿತ್ತುವುದು, ಒಳ್ಳೆಯ ತೆನೆಯನ್ನು ಆರಿಸುವುದು, ಅದರ ಬೀಜವನ್ನಷ್ಟೇ ಬೇರೆಯಾಗಿ ಬೆಳೆಸುವುದು. ಆರಿಸುವುದಕ್ಕೇನು, ರೈತರ ಹೊಲಗಳಲ್ಲಿ ಬೇಕಾದಷ್ಟು ಬಗೆಯಿತ್ತು. ಗಿಡ್ಡರಾಗಿ, ಉಂಡೆರಾಗಿ, ಮಜ್ಜಿಗೆರಾಗಿ, ಜೇನುಗೂಡುರಾಗಿ, ಬಿಳಿರಾಗಿ ಎಂದು ಸೀಮೆಗೊಂದು ಹೆಸರು, ಹೆಸರಿಗೊಂದು ಗುಣ. ಒಂದು ಬೇಗ ಕೊಯ್ಲಿಗೆ ಬರುವುದು, ಮತ್ತೊಂದರ ಹುಲ್ಲು ದನಗಳಿಗೆ ರುಚಿ, ಇನ್ನೊಂದು ಮಳೆ ಹಿಂದೆಗೆದರೂ ತಡೆಯುವುದು.

ಆಯ್ಕೆಯ ಈ ದಾರಿಗೆ ಒಂದು ಮಿತಿಯುಂಟು. ಚೀಲದಲ್ಲಿ ಇಲ್ಲದ ಕಾಳನ್ನು ಎಷ್ಟು ಜರಡಿಯಾಡಿದರೂ ಪಡೆಯಲಾಗದು. ಎರಡು ತಳಿಗಳ ಬೇರೆಬೇರೆ ಒಳ್ಳೆಯ ಗುಣಗಳನ್ನು ಒಂದೇ ಗಿಡದಲ್ಲಿ ಕಾಣಬೇಕಾದರೆ ಅವೆರಡಕ್ಕೂ ಮದುವೆ ಮಾಡಿಸಲೇಬೇಕು. ರಾಗಿಯಲ್ಲಿ ಈ ಮದುವೆ ಎಂಥ ಕಷ್ಟದ್ದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಲಕ್ಷ್ಮಣಯ್ಯನವರ ಜೀವನದ ಶ್ರಮವೆಲ್ಲ ಅದರಲ್ಲಿಯೇ ಅಡಗಿದೆ.

ರಾಗಿಯ ಹೂವು ಬರಿಗಣ್ಣಿಗೆ ಹೂವೆಂದು ತೋರುವುದೇ ಇಲ್ಲ. ತೆನೆಯ ಬೆರಳುಗಳ ಮೇಲೆ ಸಾಲುಗಟ್ಟಿ ಕುಳಿತ ಹೊಟ್ಟಿನಂಥ ಸಿಪ್ಪೆಗಳ ಒಳಗೆ ಗಂಡುಭಾಗ ಹೆಣ್ಣುಭಾಗ ಎರಡೂ ಒಟ್ಟಿಗಿರುತ್ತವೆ. ಅದು ಅರಳುವುದು ನಾವು ನೀವೆಲ್ಲ ನಿದ್ದೆಯಲ್ಲಿರುವಾಗ, ನಡುರಾತ್ರಿ ಕಳೆದು ಕೋಳಿ ಕೂಗುವುದರೊಳಗೆ. ಅರಳಿದ ಗಳಿಗೆಯಲ್ಲಿಯೇ ತನ್ನ ಪರಾಗ ತನ್ನ ಮೇಲೆಯೇ ಉದುರಿ ಕೆಲಸ ಮುಗಿದುಹೋಗುತ್ತದೆ. ಪರಾಗಕ್ಕೆ ಜೀವವಿರುವುದು ಕೆಲವೇ ನಿಮಿಷ. ನೂರು ಕಾಳಿನಲ್ಲಿ ಒಂದು ಕೂಡ ಹೊರಗಿನ ಸಂಬಂಧದಿಂದ ಹುಟ್ಟುವುದು ಅಪೂರ್ವ. ಭತ್ತದ ಹೂವಿನಲ್ಲಾದರೆ ಚಿಮುಟದಿಂದ ಗಂಡುಭಾಗವನ್ನು ಕಿತ್ತು ತೆಗೆಯಬಹುದು. ರಾಗಿಯಲ್ಲಿ ಅದನ್ನು ಮಾಡಹೊರಟವನ ಕಣ್ಣೂ ತಾಳ್ಮೆಯೂ ಬೇಗ ಸೋಲುತ್ತವೆ.

ಆದುದರಿಂದ ತಳಿಗಾರರು ಬೇರೆ ಉಪಾಯಗಳನ್ನು ಹುಡುಕಿದ್ದರು. ಎರಡು ತಳಿಗಳ ತೆನೆಗಳನ್ನು ಹೂಬಿಡುವ ಮೊದಲೇ ಒಂದಕ್ಕೊಂದು ಒತ್ತಿ ಕಟ್ಟಿ, ಅದೃಷ್ಟವಿದ್ದರೆ ಒಂದರ ಪರಾಗ ಇನ್ನೊಂದಕ್ಕೆ ತಾಗಲೆಂದು ಬಿಡುವುದು ಒಂದು. ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ, ಹೆಣ್ಣುಭಾಗ ಉಳಿದು ಪರಾಗವಷ್ಟೇ ಸಾಯುವಂತೆ ಮಾಡುವುದು ಇನ್ನೊಂದು. ಹೇಗೆ ಮಾಡಿದರೂ ಬಿತ್ತಿದ ನೂರಾರು ಸಸಿಗಳಲ್ಲಿ ನಿಜವಾದ ಸಂಕರ ಸಸಿಗಳು ಬೆರಳೆಣಿಕೆಯಷ್ಟು. ಅವುಗಳನ್ನು ಗುರುತಿಸಲೂ ಒಂದು ಜಾಣ್ಮೆಯಿದೆ. ಗಂಡಾಗಿ ಬಳಸುವ ತಳಿ ನೇರಳೆ ಬಣ್ಣದ ಗೆಣ್ಣಿನದಾದರೆ, ಹಸಿರು ತಾಯಿಯ ಮಡಿಲಲ್ಲಿ ನೇರಳೆ ಗೆಣ್ಣಿನ ಮಗು ಕಾಣಿಸಿಕೊಂಡಾಗ ಸಂಬಂಧ ಕೂಡಿತೆಂದು ಅರ್ಥ. ಅಲ್ಲಿಗೆ ಕೆಲಸ ಆರಂಭವಾಯಿತೇ ಹೊರತು ಮುಗಿಯಲಿಲ್ಲ. ಆ ಒಂದು ಗಿಡದ ಸಂತಾನವನ್ನು ಐದಾರು ತಲೆಮಾರು ಬಿತ್ತಿ, ಆರಿಸಿ, ಕೆಟ್ಟದ್ದನ್ನು ಕಿತ್ತೊಗೆದು, ಗುಣ ನೆಲೆಗೊಳ್ಳುವವರೆಗೆ ಕಾಯಬೇಕು.

ಲಕ್ಷ್ಮಣಯ್ಯನವರು ಈ ಕೆಲಸಕ್ಕೆ ತೊಡಗಿದ್ದು ಮಂಡ್ಯದ ವಿ. ಸಿ. ಫಾರಮಿನಲ್ಲಿ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ಕಾಲುವೆಯಲ್ಲಿ ಹರಿದು ಮಂಡ್ಯದ ಒಣನೆಲ ಹಸಿರಾಗತೊಡಗಿದ 1931ರ ಸುಮಾರಿನಲ್ಲಿ ಸ್ಥಾಪಿತವಾದ ಕ್ಷೇತ್ರವದು. ಕಾಲುವೆಯ ಮೊದಲಕ್ಷರಗಳೇ ಫಾರಮಿನ ಹೆಸರು. ನೀರು ಬಂದಲ್ಲೆಲ್ಲ ಜನರ ಕಣ್ಣು ಕಬ್ಬು ಭತ್ತಗಳ ಮೇಲೆ ಹೋಗುವುದು ಸಹಜ. ಸಕ್ಕರೆ ಕಾರ್ಖಾನೆಯೂ ಬಂದಿತ್ತು. ಆ ಸಂಭ್ರಮದ ನಡುವೆ ಬಡವರ ಧಾನ್ಯವನ್ನು ಹಿಡಿದು ಕುಳಿತವರು ಲಕ್ಷ್ಮಣಯ್ಯ. ಐವತ್ತು ಅರವತ್ತರ ದಶಕಗಳಲ್ಲಿ ಅವರ ಕೈಯಿಂದ ಒಂದಾದ ಮೇಲೊಂದರಂತೆ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಹೊರಬಂದವು. ಹೆಸರುಗಳನ್ನು ನೋಡಿದರೆ ಹೆಣ್ಣುಮಕ್ಕಳ ಮನೆಯೊಂದರ ಹಾಜರಿ ಕರೆದಂತಿದೆ! ಇಂದಿನ ತಳಿಗಳಿಗೆ ಬರಿಯ ಅಕ್ಷರ ಅಂಕಿಗಳನ್ನು ಅಂಟಿಸುವ ಪದ್ಧತಿಗಿಂತ ಇದು ಎಷ್ಟೋ ಮೇಲು.

ಆ ದಿನಗಳ ಸ್ಥಿತಿಯನ್ನು ನಮ್ಮಲ್ಲಿನ ಹಿರಿಯರು ಮರೆತಿರಲಾರರು. 1965-66ರಲ್ಲಿ ಮಳೆ ಕೈಕೊಟ್ಟು ದೇಶಕ್ಕೆ ದೇಶವೇ ಅಮೇರಿಕದ ಗೋಧಿಯ ಹಡಗುಗಳ ದಾರಿ ಕಾಯುತ್ತಿತ್ತು. ಮುಂಬಯಿಯ ಪಡಿತರದ ಸಾಲಿನಲ್ಲಿ ನಿಂತು ಪರದೇಶದ ಕೆಂಪುಜೋಳವನ್ನು ತಂದು ಬೀಸಿಸಿ ತಿಂದ ಕುಟುಂಬಗಳು ನಮ್ಮ ನಡುವೆ ಇಂದಿಗೂ ಇವೆ. ಗಿಡ್ಡ ಗೋಧಿಯೂ ಐ. ಆರ್. 8 ಭತ್ತವೂ ಬಂದು ಹಸಿರು ಕ್ರಾಂತಿಯೆಂಬ ಮಾತು ಹುಟ್ಟಿದ್ದು ಆಗಲೇ. ಆ ಕ್ರಾಂತಿ ನೀರೂ ಗೊಬ್ಬರವೂ ಇದ್ದವನ ಕ್ರಾಂತಿ. ಕೋಲಾರದ ಕೆಮ್ಮಣ್ಣಿನಲ್ಲಿ ಆಕಾಶವನ್ನೇ ನಂಬಿ ಕೂರಿಗೆ ಹೂಡುವವನಿಗೆ ಅದರಿಂದ ಏನೂ ಸಿಗಲಿಲ್ಲ. ಅವನಿಗೆ ದೊರೆತದ್ದು ಮಂಡ್ಯದ ರಾಗಿ.

ಇಲ್ಲಿ ಲಕ್ಷ್ಮಣಯ್ಯನವರ ಬುದ್ಧಿಯ ನಿಜವಾದ ಹಿರಿಮೆ ಕಾಣುತ್ತದೆ. ನಮ್ಮ ನಾಡಿನ ರಾಗಿಗಳನ್ನು ತಮ್ಮತಮ್ಮೊಳಗೇ ಎಷ್ಟು ಕೂಡಿಸಿದರೂ ಇಳುವರಿ ಒಂದು ಮಟ್ಟದಾಚೆ ಏರದು ಎಂಬುದನ್ನು ಕಂಡ ಅವರು ರಾಗಿಯ ತವರುಮನೆಯ ಕಡೆ ನೋಡಿದರು. ರಾಗಿ ನಮ್ಮದೇ ಎಂದು ನಾವು ಎಷ್ಟೇ ಅಭಿಮಾನಪಟ್ಟರೂ ಅದು ಹುಟ್ಟಿದ್ದು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ, ಇಥಿಯೋಪಿಯ ಉಗಾಂಡಗಳ ಕಡೆಗೆ. ಅದು ನಮ್ಮ ದೇಶಕ್ಕೆ ಬಂದು ಸುಮಾರು ಮೂರು ಸಾವಿರ ವರ್ಷಗಳಾದುವೆಂದು ಲೆಕ್ಕ ಹಾಕುತ್ತಾರೆ. ಬೆಳೆಯೊಂದು ತವರಿನಲ್ಲಿಯೇ ಹೆಚ್ಚು ವೈವಿಧ್ಯದಿಂದ ಇರುವುದೆಂಬ ತತ್ತ್ವವನ್ನು ರಷ್ಯದ ವಾವಿಲೋವ್ ಎಂಬ ಪಂಡಿತನು ದೇಶದೇಶಗಳನ್ನು ಸುತ್ತಿ ಪ್ರತಿಪಾದಿಸಿದ್ದನು. ಅಬಿಸೀನಿಯದ ಬೆಟ್ಟಗಳನ್ನೂ ಹತ್ತಿದ್ದ ಆತ 1943ರಲ್ಲಿ ತನ್ನ ದೇಶದ ಸೆರೆಮನೆಯಲ್ಲಿಯೇ ಸತ್ತನು. ದೂರದ ಊರಿಗೆ ಸಂಸಾರ ಹೂಡಲು ಹೋದವರು ತವರಿನ ಪಾತ್ರೆಪಡಗಗಳನ್ನೆಲ್ಲ ಹೊತ್ತೊಯ್ಯುವುದಿಲ್ಲವಷ್ಟೆ? ಸಮುದ್ರ ದಾಟಿ ಬಂದ ರಾಗಿಯೂ ತನ್ನ ಗುಣಗಳ ಒಂದು ಪಾಲನ್ನು ಮಾತ್ರ ಇಲ್ಲಿಗೆ ತಂದಿತು. ಉಳಿದದ್ದು ಅಲ್ಲಿಯೇ ಇತ್ತು.

ಆಫ್ರಿಕದ ರಾಗಿ ದಪ್ಪ ಕಾಂಡ, ತುಂಬಿದ ತೆನೆ, ಗಟ್ಟಿ ಬೆಳವಣಿಗೆಯದು. ಆದರೆ ನಮ್ಮ ಹವೆಗೆ ಒಗ್ಗದ್ದು. ನಮ್ಮದು ತೆಂಡೆಯೊಡೆದು ಬೇಗ ಮಾಗುವಂಥದು. ಲಕ್ಷ್ಮಣಯ್ಯನವರು ಇವೆರಡನ್ನೂ ಬೆಸೆದರು. ಎಪ್ಪತ್ತರ ದಶಕದಿಂದ ಮುಂದಕ್ಕೆ ಹೀಗೆ ಹುಟ್ಟಿದ ಸಂತಾನಕ್ಕೆ ಇಂಡಿಯ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳ ತಲೆಗಳನ್ನು ಜೋಡಿಸಿ ಇಂಡಾಫ್ ಎಂದು ಕರೆದರು. ಅವರದೇ ಕಾವೇರಿ ತಳಿಯನ್ನು ಆಫ್ರಿಕದ ತಳಿಯೊಂದಕ್ಕೆ ಕೂಡಿಸಿದಾಗ ಇಂಡಾಫ್ 5 ಬಂತು. ಮುಂಗಾರಿನ ಮೊದಲಲ್ಲಿ ಬಿತ್ತಿ ನಿಧಾನವಾಗಿ ಕೊಯ್ಯುವವರಿಗೆ ಇಂಡಾಫ್ 8, ಚಳಿಗಾಲದ ಬೆಳೆಗೆ ಇಂಡಾಫ್ 7, ಮಳೆ ತಡವಾಗಿ ಬಂದು ಅವಸರಪಡುವವರಿಗೆ ಇಂಡಾಫ್ 9 ಎಂದು ಕಾಲಕ್ಕೆ ತಕ್ಕ ತಳಿಗಳು ರೈತರ ಕೈಸೇರಿದವು.

ಇವುಗಳನ್ನು ಹಳ್ಳಿಗಳಲ್ಲಿ ಹೈಬ್ರಿಡ್ ರಾಗಿ ಎನ್ನುವುದುಂಟು. ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ. ಅಂಗಡಿಯ ಹೈಬ್ರಿಡ್ ಜೋಳದ ಬೀಜವನ್ನು ವರ್ಷವರ್ಷವೂ ಕೊಳ್ಳಬೇಕು. ಮನೆಯ ಬೆಳೆಯಿಂದ ಬಿತ್ತನೆಗೆ ತೆಗೆದರೆ ಗುಣ ಚೆದರಿಹೋಗುತ್ತದೆ. ಇಂಡಾಫ್ ಹಾಗಲ್ಲ. ಸಂಕರದಿಂದ ಹುಟ್ಟಿದರೂ ತಲೆಮಾರುಗಳ ಆಯ್ಕೆಯಿಂದ ಗುಣ ನೆಲೆಗೊಂಡ ಶುದ್ಧ ತಳಿ ಅದು. ರೈತನು ಒಮ್ಮೆ ಒಂದು ಸೇರು ತಂದರೆ ಸಾಕು, ಮುಂದಿನ ವರ್ಷ ತನ್ನ ಕಣದಿಂದಲೇ ಬೀಜ ತೆಗೆದಿಟ್ಟುಕೊಳ್ಳಬಹುದು, ನೆಂಟರಿಗೂ ಕೊಡಬಹುದು. ಈ ರಾಗಿ ಜಾಹೀರಾತಿಲ್ಲದೆ ಊರಿಂದೂರಿಗೆ ಹಬ್ಬಿದ ಗುಟ್ಟು ಇದೇ. ಬೀಜದ ವ್ಯಾಪಾರದಿಂದ ಯಾರೂ ಶ್ರೀಮಂತರಾಗಲಿಲ್ಲ. ಅದಕ್ಕೇ ಇರಬೇಕು, ಲಕ್ಷ್ಮಣಯ್ಯನವರ ಹೆಸರು ದೇಶದ ಉಳಿದ ಭಾಗಗಳಲ್ಲಿ ಮೊಳಗಲಿಲ್ಲ.

ಫಲವೇನೆಂಬುದನ್ನು ದೇಶದ ಲೆಕ್ಕಪತ್ರಗಳೇ ಹೇಳುತ್ತವೆ. ಅರವತ್ತರ ದಶಕದಲ್ಲಿ ಭಾರತದಲ್ಲಿ 20 ಲಕ್ಷ ಹೆಕ್ಟೇರಿಗೂ ಮಿಕ್ಕಿ ಇದ್ದ ರಾಗಿಯ ಭೂಮಿ ಮುಂದೆ ಅರ್ಧದಷ್ಟಾಯಿತು. ಅಕ್ಕಿ, ಗೋಧಿ, ನೀಲಗಿರಿ, ಮನೆಯ ಸೈಟು ಎಲ್ಲವೂ ಅದನ್ನು ತಿಂದವು. ಆದರೂ ಬೆಳೆದ ರಾಗಿಯ ಮೊತ್ತ ಬಹುಕಾಲ ಅರ್ಧಕ್ಕೆ ಇಳಿಯಲಿಲ್ಲ, ಏಕೆಂದರೆ ಎಕರೆಯ ಇಳುವರಿ ಸುಮಾರು ಎರಡು ಪಟ್ಟಾಗಿತ್ತು. ಮಳೆಯನ್ನೇ ನಂಬಿದ ಬೆಳೆಯೊಂದು ಇಂಥ ಏರಿಕೆಯನ್ನು ಕಂಡದ್ದು ಸಾಮಾನ್ಯವಲ್ಲ. ಎಲ್ಲ ಕೀರ್ತಿಯೂ ಒಬ್ಬರದೆಂದು ನಾವು ಹೇಳುವುದಿಲ್ಲ. ಹೆಬ್ಬಾಳದಲ್ಲಿಯೂ ಕೊಯಮತ್ತೂರಿನಲ್ಲಿಯೂ ದುಡಿದವರಿದ್ದಾರೆ. ಆದರೆ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ಕರ್ನಾಟಕದಲ್ಲಿ ಆ ಬದಲಾವಣೆಯ ಮುಖ್ಯ ಕರ್ತೃ ಅವರೇ.

ಸ್ತುತಿಯ ಜೊತೆಗೆ ಸತ್ಯವನ್ನೂ ಹೇಳಬೇಕು. ಇಂಡಾಫ್ ತಳಿಗಳಿಗೆ ಬೆಂಕಿರೋಗದ ಬಾಧೆ ಹೆಚ್ಚು. ರೋಗ ತೆನೆಯ ಕುತ್ತಿಗೆಗೆ ತಗುಲಿದರೆ, ಅದನ್ನೇ ರೈತರು ಇಲುಕು ರೋಗವೆನ್ನುವುದು, ಕಾಳು ಜೊಳ್ಳಾಗಿ ಹೋಗುತ್ತದೆ. ಎರಡನೆಯ ನಷ್ಟ ಇನ್ನೂ ಆಳವಾದದ್ದು. ಹೆಚ್ಚು ಇಳುವರಿಯ ತಳಿಗಳು ಬಂದಂತೆಲ್ಲ ಮಜ್ಜಿಗೆರಾಗಿ, ಉಂಡೆರಾಗಿಗಳು ಹೊಲದಿಂದ ಹೊರಟುಹೋದವು. ಯಾವ ವೈವಿಧ್ಯವನ್ನು ಅವಲಂಬಿಸಿ ಲಕ್ಷ್ಮಣಯ್ಯನವರು ತಮ್ಮ ತಳಿಗಳನ್ನು ಕಟ್ಟಿದರೋ ಆ ವೈವಿಧ್ಯವನ್ನೇ ಅವರ ಯಶಸ್ಸು ಹೊಲಗಳಿಂದ ಅಳಿಸತೊಡಗಿತು. ಇದು ಅವರೊಬ್ಬರ ತಪ್ಪಲ್ಲ. ಹಸಿದವನಿಗೆ ಎರಡು ಚೀಲ ಹೆಚ್ಚು ಕೊಡುವ ಬೀಜ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಆ ಹಳೆಯ ಬೀಜಗಳು ಎಲ್ಲಿಯಾದರೂ ಉಳಿಯಲೇಬೇಕಿತ್ತು. ಸುದೈವದಿಂದ ಹಲವು ಉಳಿದವು. ಹೈದರಾಬಾದಿನ ಬಳಿಯ ಇಕ್ರಿಸಾಟ್ ಸಂಸ್ಥೆಯ ಶೀತಲ ಕೋಣೆಗಳಲ್ಲಿ ನಾನಾ ದೇಶಗಳ ಆರು ಸಾವಿರಕ್ಕೂ ಹೆಚ್ಚು ರಾಗಿ ಮಾದರಿಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ದೊಡ್ಡ ಸಂಗ್ರಹವಿದೆ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ಅವರು ಗಿಡದ ಒಳಗಿನ ವಂಶಲಿಪಿಯನ್ನು ಓದಿದವರಲ್ಲ. ಅವರ ಕಾಲದಲ್ಲಿ ಅದಕ್ಕೆ ಸಾಧನವೂ ಇರಲಿಲ್ಲ. ತೆನೆಯನ್ನು ಕಣ್ಣಿನಿಂದ ಅಳೆದು, ಕಾಳನ್ನು ಕೈಯಿಂದ ತೂಗಿ, ಆಫ್ರಿಕದ ರಾಗಿಯಲ್ಲಿ ನಮ್ಮದರಲ್ಲಿಲ್ಲದ ಸತ್ತ್ವವಿದೆಯೆಂದು ಊಹಿಸಿದರು. ಆ ಊಹೆಗೆ ಸಾಕ್ಷಿ ದೊರೆತದ್ದು ಅವರು ಹೋದ ಮೇಲೆ. ಎರಡು ಖಂಡಗಳ ರಾಗಿಗಳ ಡಿ. ಎನ್. ಎ. ಗುರುತುಗಳನ್ನು ಹೋಲಿಸಿದವರಿಗೆ ಆಫ್ರಿಕದ್ದೂ ಏಷ್ಯದ್ದೂ ಬೇರೆಬೇರೆ ಪಂಗಡಗಳಾಗಿ ಕಂಡವು, ಏಷ್ಯದ ಪಂಗಡದಲ್ಲಿ ವೈವಿಧ್ಯ ಕಡಿಮೆಯೆಂಬುದೂ ತಿಳಿಯಿತು.

ಈಗಿನ ವಿಜ್ಞಾನಿಗಳು ಮಾಡುವುದೇನೆಂದರೆ, ಒಂದೊಂದು ಗಿಡವನ್ನಲ್ಲದೆ ನೂರಾರು ಮಾದರಿಗಳ ವಂಶಲಿಪಿಯನ್ನು ಒಟ್ಟಿಗೆ ಓದುತ್ತಾರೆ. ಎಲ್ಲಿ ಒಂದು ಅಕ್ಷರ ಒಂದರಲ್ಲಿ ಹೀಗೂ ಇನ್ನೊಂದರಲ್ಲಿ ಹಾಗೂ ಇದೆಯೋ ಅದನ್ನು ಗುರುತು ಹಾಕುತ್ತಾರೆ. ಅವೇ ಮಾದರಿಗಳನ್ನು ಹೊಲದಲ್ಲಿ ಬೆಳೆದು ಯಾವುದಕ್ಕೆ ರೋಗ ತಗುಲಿತು, ಯಾವುದರಲ್ಲಿ ಸುಣ್ಣದ ಅಂಶ ಹೆಚ್ಚು, ಯಾವುದು ಬರವನ್ನು ತಡೆಯಿತು ಎಂದು ಬರೆದಿಟ್ಟು ಎರಡು ಪಟ್ಟಿಗಳನ್ನೂ ತಾಳೆ ನೋಡುತ್ತಾರೆ. ಆರು ಸಾವಿರವನ್ನೂ ಹೀಗೆ ಪರೀಕ್ಷಿಸುವುದು ಕಷ್ಟವೆಂದು ಇಕ್ರಿಸಾಟಿನವರು ಎಲ್ಲ ಬಗೆಗೂ ಪ್ರತಿನಿಧಿಯಾಗುವಂತೆ ಮೊದಲು 622ನ್ನೂ ಅದರಿಂದ 80ನ್ನೂ ಆರಿಸಿಟ್ಟಿದ್ದಾರೆ.

ತಾಳೆ ನೋಡುವಾಗ ಒಂದು ಎಡವಟ್ಟು ಕಾದಿರುತ್ತದೆ. ಯಾರಾದರೂ ಠಾಣೆಯಿಂದ ನವಿ ಮುಂಬಯಿಯವರೆಗೆ ನಮ್ಮ ಕನ್ನಡ ಮನೆಗಳ ಗಣತಿ ಮಾಡಿ, ನೀರುದೋಸೆ ಹುಯ್ಯುವ ಮನೆಗಳಲ್ಲಿ ಹೋಟೆಲು ಮಾಲಿಕರು ಹೆಚ್ಚೆಂದು ಕಂಡು, ನೀರುದೋಸೆ ತಿಂದವನು ಹೋಟೆಲು ತೆರೆಯುವನೆಂದು ತೀರ್ಮಾನಿಸಿದರೆ ನಾವು ನಗುವುದಿಲ್ಲವೆ? ದೋಸೆಯೂ ಹೋಟೆಲೂ ಕರಾವಳಿಯಿಂದ ಒಟ್ಟಿಗೆ ಬಂದವು, ಅಷ್ಟೆ. ರಾಗಿಯಲ್ಲೂ ಹಾಗೆಯೇ. ಆಫ್ರಿಕದ ಪಂಗಡದಲ್ಲಿ ರೋಗ ತಡೆಯುವ ಗುಣವಿದ್ದರೆ, ಆ ಪಂಗಡದ ಉಳಿದೆಲ್ಲ ಗುರುತುಗಳೂ ರೋಗ ತಡೆಯುವ ಗುರುತುಗಳಂತೆ ಕಂಡು ಮೋಸಮಾಡುತ್ತವೆ. ಆದ್ದರಿಂದ ಮೊದಲು ಯಾವ ಗಿಡ ಯಾವ ಕುಲದ್ದೆಂದು ವಿಂಗಡಿಸಿ, ಕುಲದ ಪ್ರಭಾವವನ್ನು ಲೆಕ್ಕದಿಂದ ಕಳೆದು, ಉಳಿದ ಸಂಬಂಧವನ್ನಷ್ಟೇ ನಂಬುತ್ತಾರೆ. ಕೊನೆಗೂ ಅದು ನಿಜವೋ ಸುಳ್ಳೋ ಎಂದು ಹೇಳಬೇಕಾದ್ದು ಹೊಲವೇ.

ರಾಗಿಯ ಪೂರ್ಣ ವಂಶಲಿಪಿಯ ಮೊದಲ ಕರಡನ್ನು 2017ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿಯವರೂ ಅವರ ಸಂಗಡಿಗರೂ. ಸುಮಾರು 120 ಕೋಟಿ ಅಕ್ಷರಗಳು, 85 ಸಾವಿರಕ್ಕೂ ಮೇಲ್ಪಟ್ಟು ವಂಶವಾಹಿಗಳು. ಓದಲು ಅವರು ಆರಿಸಿಕೊಂಡ ತಳಿ ಎಂ. ಎಲ್. 365. ಇದರ ವಂಶಾವಳಿಯನ್ನು ನೋಡಿದಾಗ ಈ ಲೇಖಕನ ಮೈ ಜುಮ್ಮೆಂದಿತು. ಅದು ಬೆಂಕಿರೋಗವನ್ನು ತಡೆಯುವ ಐ. ಇ. 1012 ಎಂಬ ತಳಿಗೂ ಲಕ್ಷ್ಮಣಯ್ಯನವರ ಇಂಡಾಫ್ 5ಕ್ಕೂ ಹುಟ್ಟಿದ ಕೂಸು. ತೊಂಬತ್ತರ ದಶಕದ ಕೊನೆಯಿಂದ ಕರ್ನಾಟಕದ ಹೊಲಗಳನ್ನು ಬಹುಮಟ್ಟಿಗೆ ಆವರಿಸಿದ ಜಿ. ಪಿ. ಯು. 28 ಎಂಬ ರಾಗಿಯೂ ಇದೇ ಮನೆತನದ್ದು. ಇಂಡಾಫ್ 5, ಇಂಡಾಫ್ 9, ಐ. ಇ. 1012 ಮೂರರ ರಕ್ತವೂ ಅದರಲ್ಲಿದೆ. ಇಂಡಾಫಿನ ದೊಡ್ಡ ಕೊರತೆಯಾಗಿದ್ದ ಬೆಂಕಿರೋಗವನ್ನು ಈ ತಳಿ ಚೆನ್ನಾಗಿ ತಡೆಯುತ್ತದೆ.

ನಾವಿರುವ ಈ ಠಾಣೆ ಜಿಲ್ಲೆಯಲ್ಲಿಯೇ ಮುರಬಾಡ, ಶಹಾಪುರಗಳ ಕಡೆ ಗುಡ್ಡದ ಓರೆಗಳಲ್ಲಿ ವಾರಲಿ, ಠಾಕೂರ, ಕಾತಕರಿ ಜನ ತಲೆತಲಾಂತರದಿಂದ ನಾಚಣಿ ಬೆಳೆದಿದ್ದಾರೆ. ಸೊಪ್ಪುಸದೆಗಳನ್ನು ಸುಟ್ಟ ನೆಲದಲ್ಲಿ ಮೊದಲು ಸಸಿ ಮಾಡಿ, ಮಳೆ ಹಿಡಿದ ಮೇಲೆ ಕಿತ್ತು ನೆಡುವುದು ಅವರ ಪದ್ಧತಿ. ಆ ಗುಡ್ಡದ ಬೀಜದಲ್ಲಿ ಮಂಡ್ಯದ್ದರಲ್ಲಿಲ್ಲದ ಯಾವುದೋ ಒಂದು ಅಕ್ಷರ ಇರಲಾರದೆಂದು ಯಾರು ಹೇಳಬಲ್ಲರು? ಊರಿನಿಂದ ಬಂದ ನೆಂಟರನ್ನು ಮಾಳಶೇಜ ಘಾಟಿನ ಜಲಪಾತಗಳನ್ನು ತೋರಿಸಲು ಕರೆದೊಯ್ಯುವಾಗ ದಾರಿಯಲ್ಲಿ ಒಮ್ಮೆ ಇಳಿದು ಆ ಹೊಲಗಳನ್ನೂ ತೋರಿಸಬೇಕು.

ಅಷ್ಟು ದೂರ ಹೋಗಲಾಗದವರಿಗೆ ಇನ್ನೊಂದು ವಿಷಯ. ರಾಗಿಯ 36 ವರ್ಣತಂತುಗಳಲ್ಲಿ ಅರ್ಧ ಒಂದು ಮೂಲದಿಂದ, ಅರ್ಧ ಇನ್ನೊಂದು ಮೂಲದಿಂದ ಬಂದವು. ಎರಡನೆಯ ಮೂಲದ ಗಿಡ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಮೊದಲನೆಯದು ಮಾತ್ರ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಕಾಂಪೌಂಡಿನ ಬುಡದಲ್ಲೂ ಕಾಲುದಾರಿಯ ಬಿರುಕುಗಳಲ್ಲೂ ತಾನಾಗಿ ಹುಟ್ಟುವ ಗಟ್ಟಿ ಹುಲ್ಲು. ಅದರ ತೆನೆಯನ್ನು ಕಿತ್ತು ನೋಡಿದರೆ ತೆಳ್ಳಗಿನ ಬೆರಳುಗಳು ಥೇಟು ರಾಗಿಯಂತೆಯೇ ಹರಡಿಕೊಂಡಿರುತ್ತವೆ. ಕಳೆದ ಶ್ರಾವಣದಲ್ಲಿ ಒಂದನ್ನು ಕಿತ್ತು ತಂದು ಮನೆಯ ಮಕ್ಕಳಿಗೆ ತೋರಿಸಿದೆ. ಅವರು ಅದನ್ನು ಪುಸ್ತಕದ ನಡುವೆ ಒತ್ತಿಟ್ಟುಕೊಂಡಿದ್ದಾರೆ.